ಐದು ವರ್ಷ ಆಯಿತು, ದೊಡ್ಡಮ್ಮ

ನಮ್ಮ ಪುಟ್ಟ ಬಳಗಕ್ಕೆ ಮೊನ್ನೆ ಐದು ವರ್ಷ ತುಂಬಿತು. ಅಮೆರಿಕದ ಅಟ್ಲಾಂಟಾದ ನೈಋತ್ಯ ಭಾಗದ ಕಪ್ಪು ಕುಟುಂಬಗಳ ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ನಾನು ಬಿ.ಪಿ. ನೋಡುವ ನರ್ಸ್, ಅಷ್ಟೆ. ಕಟ್ಟಿ ನಡೆಸುತ್ತಿರುವವರು ಅದೇ ಬೀದಿಗಳಲ್ಲಿ ಬೆಳೆದ ಎಪ್ಪತ್ತರ ಹೆಂಗಸು. ನಾನು ದೊಡ್ಡಮ್ಮ ಅನ್ನುತ್ತೇನೆ. ಅರ್ಥ ಹೇಳಿದ ದಿನ, "ನನ್ನ ತೂಕ ನೋಡಿ ಇಟ್ಟ ಹೆಸರಾ?" ಎಂದು ನಕ್ಕಿದ್ದರು.

ಬಿ.ಪಿ. ಯಂತ್ರ ಕೊಡಿಸಿದ ಕನ್ನಡದ ಗೆಳೆಯರಿಗೆ, ಕೋಣೆ ಬಿಟ್ಟುಕೊಟ್ಟ ಚರ್ಚಿನವರಿಗೆ, ನಾನಿಲ್ಲದ ರಾತ್ರಿಗಳಲ್ಲಿ ಮಕ್ಕಳಿಗೆ ಅನ್ನ ಸಾರು ಮಾಡಿ ಹಾಕಿದ ನನ್ನ ಗಂಡನಿಗೆ ನಮಸ್ಕಾರ. (ಗಂಡನಿಗೆ ಇಷ್ಟೇನಾ ಅನ್ನಬೇಡಿ, ಅವನಿಗೆ ಗೊತ್ತು.)

ಉಳಿದದ್ದೆಲ್ಲ ದೊಡ್ಡಮ್ಮನಿಗೆ.

ಅವರ ಅಜ್ಜಿ ಜಾರ್ಜಿಯಾದ ಹಳ್ಳಿಯಲ್ಲಿ ಸೂಲಗಿತ್ತಿ. ಪಾವಗಡದ ಸೂಲಗಿತ್ತಿ ನರಸಮ್ಮನವರ ಫೋಟೊ ತೋರಿಸಿದಾಗ ಬಹಳ ಹೊತ್ತು ನೋಡಿ, "ಕೈ ನೋಡು, ನಮ್ಮಜ್ಜಿಯದೇ" ಎಂದಿದ್ದರು. ನಾನು ಬಂದ ಹೊಸದರಲ್ಲಿ ಓದು, ಸಂಬಳ, ವಿಮೆ ಇದ್ದವರಿಗೆ ಹೆರಿಗೆಯ ಭಯವಿಲ್ಲ ಅಂದುಕೊಂಡಿದ್ದೆ. ಆಗ ಅವರು ಡಾ. ಶಲಾನ್ ಇರ್ವಿಂಗ್ ಕಥೆ ಹೇಳಿದರು. ಇದೇ ಊರಲ್ಲಿದ್ದ ಕಪ್ಪು ಹೆಂಗಸು, ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ ವಿಜ್ಞಾನಿ. 2017ರಲ್ಲಿ, ಮಗು ಹುಟ್ಟಿ ಮೂರೇ ವಾರಕ್ಕೆ, ಬಿ.ಪಿ. ಏರಿ ಹೋಗಿಬಿಟ್ಟರು. ಅದೇ ಸಿಡಿಸಿಯ ಲೆಕ್ಕದಲ್ಲಿ 2023ರಲ್ಲಿ ಲಕ್ಷ ಜೀವಂತ ಜನನಕ್ಕೆ ಸತ್ತ ಕಪ್ಪು ತಾಯಂದಿರು 50.3, ಬಿಳಿಯರು 14.5.

ಎರಡನೇ ವರ್ಷದ ಆ ರಾತ್ರಿ ಬಳಗದವರಿಗೆಲ್ಲ ಗೊತ್ತು, ಪೂರ್ತಿ ಬರೆಯುವುದಿಲ್ಲ. ತಲೆ ಸಿಡಿಯುತ್ತಿದೆ ಅಂದ ಬಾಣಂತಿ ಹುಡುಗಿಗೆ ಆಸ್ಪತ್ರೆಯವರು ಮಾತ್ರೆ ಕೊಟ್ಟು ಹೊರಗೆ ಕೂರಿಸಿದ್ದರು. ದೊಡ್ಡಮ್ಮ ಹತ್ತು ನಿಮಿಷಕ್ಕೊಮ್ಮೆ ಎದ್ದು ಕೌಂಟರಿಗೆ ಹೋಗಿ, ದನಿ ಏರಿಸದೆ, ಒಂದೇ ಮಾತು ಹೇಳುತ್ತಿದ್ದರು: "ಈ ಹುಡುಗಿ ಹೆತ್ತು ಹತ್ತು ದಿನ." ಜೋರು ಮಾಡಿ ಅಂದೆ. "ನಾವು ಕೂಗಿದರೆ ಸೆಕ್ಯೂರಿಟಿ ಬರ್ತಾರೆ, ಡಾಕ್ಟರ್ ಬರಲ್ಲ" ಎಂದರು.

ಇದನ್ನು ಯಾರಿಗೂ ಹೇಳಿಲ್ಲ. ಬಾಯಿ ಬಿಡಬೇಕಾದವಳು ನಾನು. ಯಂತ್ರದಲ್ಲಿ ಏರಿದ ಬಿ.ಪಿ. ಅಂಕಿ ನೋಡಿದ್ದು ನಾನು, ಆಸ್ಪತ್ರೆಯವರ ಭಾಷೆ ಬಲ್ಲವಳು ನಾನು. ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ, ಯಾರಾದರೂ ದೂರು ಕೊಟ್ಟರೆ ಅಂತ ಲೆಕ್ಕ ಹಾಕುತ್ತಾ ಗೋಡೆಗೆ ಒರಗಿ ನಿಂತಿದ್ದೆ. ಒಂಬತ್ತನೇ ಸಲವೋ ಏನೋ, ಒಳಗೆ ಕರೆದರು. ಹುಡುಗಿ ಉಳಿದಳು. ಇನ್ನರ್ಧ ಗಂಟೆ ತಡವಾಗಿದ್ದರೆ ಎಂದು ಇವತ್ತಿಗೂ ನಿದ್ದೆಯಲ್ಲಿ ಬೆಚ್ಚುತ್ತೇನೆ.

ಬೆಳಗ್ಗೆ ಪಾರ್ಕಿಂಗಿನಲ್ಲಿ ಅವರು ಬೈಯಲಿಲ್ಲ. "ಮುಂದಿನ ಸಲ ನೀನು ಮಾತಾಡು, ನನಗೆ ಮಂಡಿ ನೋವು" ಎಂದು ಕಾರು ಹತ್ತಿದರು.

ಹೋದ ತಿಂಗಳು ಇನ್ನೊಂದು ಕೌಂಟರಿನ ಮುಂದೆ ನಾನೇ ಮಾತಾಡಿದೆ, ನಾಲ್ಕು ಸಲ. ತಿರುಗಿ ನೋಡಿದರೆ ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು.