ಬಣ್ಣಕ್ಕೆ ಮುಂಚೆ ಒಮ್ಮೆ ಜೋಡಿಸಿ ನೋಡಿ

ಗೆಳೆಯರೇ, ಹಳೇ ಪಿಕಪ್‌ಗೆ ಬಣ್ಣ ಹೊಡೆಸುವ ಮುಂಚೆ ಎಲ್ಲ ಪ್ಯಾನೆಲ್‌ಗಳನ್ನೂ ಒಮ್ಮೆ ಜೋಡಿಸಿ ನೋಡಿ. ಗಾಡಿ ತನ್ನ ಚಕ್ರಗಳ ಮೇಲೇ ನಿಂತಿರಲಿ. ಜಾಕ್ ಮೇಲಿದ್ದರೆ ಚಾಸಿ (ಗಾಡಿಯ ಕೆಳಗಿನ ಚೌಕಟ್ಟು) ಸ್ವಲ್ಪ ಬಾಗಿ ಅಳತೆ ತಪ್ಪುತ್ತದೆ. ಮೊದಲು ಕ್ಯಾಬಿನ್, ಆಮೇಲೆ ಬಾಗಿಲು, ಬಾಗಿಲಿಗೆ ಹೊಂದುವ ಹಾಗೆ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಕೊನೆಗೆ ಬಾನೆಟ್.

ಜಾಸ್ತಿ ಕಾಡುವುದು ಬಾಗಿಲೇ. ಅರ್ಧ ತೆರೆದು, ತುದಿ ಹಿಡಿದು ಮೇಲೆತ್ತಿ. ಕಟಕಟ ಅಲ್ಲಾಡಿದರೆ ಹಿಂಜ್ (ಬಾಗಿಲಿನ ಕೀಲು) ಪಿನ್ ಸವೆದಿದೆ. ಅದನ್ನು ಬದಲಿಸದೆ ಸುಮ್ನೆ ಬೋಲ್ಟ್ ತಿರುಗಿಸಿದರೆ ಏನೂ ಪ್ರಯೋಜನವಿಲ್ಲ. ಬಾಗಿಲಿನ ಅಂಚಿಗೆ ಹೊಸ ರಬ್ಬರ್ ಬೀಡಿಂಗ್ (ಪಟ್ಟಿ) ಹಾಕಿಕೊಂಡೇ ಹೊಂದಿಸಿ. ಅದು ದಪ್ಪ, ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ನಾನು ಅದಿಲ್ಲದೆ ಹೊಂದಿಸಿದ್ದೆ, ಎರಡು ದಿನದ ಕೆಲಸ ಮತ್ತೆ ಮಾಡಬೇಕಾಯಿತು.

ಪ್ಯಾನೆಲ್‌ಗಳ ನಡುವಿನ ಸಂದು 4-5 ಮಿ.ಮೀ. ಇದ್ದು, ಮೇಲಿಂದ ಕೆಳಗೆ ಒಂದೇ ಸಮ ಕಂಡರೆ ಸಾಕು. ಕ್ಯಾಬಿನ್ ಕೆಳಗೆ ಎತ್ತರ ಹೊಂದಿಸಲು ಇಟ್ಟಿರುವ ತೆಳು ತಗಡಿನ ಶಿಮ್‌ಗಳನ್ನು ಬಿಸಾಡಬೇಡಿ, ಯಾವುದು ಎಲ್ಲಿತ್ತು ಅಂತ ಗುರುತು ಹಾಕಿಡಿ.