ತುಮಕೂರು ಬಸ್ಸಿನಲ್ಲಿ ಅಪ್ಪನ ವಾಚ್ ಸಿಕ್ಕವರಿಗೆ

ನಿಮ್ಮ ಹೆಸರು ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವಾರ ತುಮಕೂರಿನಿಂದ ಬೆಂಗಳೂರಿಗೆ ಬರುವಾಗ ಬೆಲ್ಟಿನ ಪಿನ್ನು ಕಳಚಿ ಅಪ್ಪನ ವಾಚ್ ಬಿದ್ದುಹೋಯಿತು. ಎಚ್‌ಎಂಟಿ, ಕೀ ಕೊಡುವ ವಾಚು. 25 ವರ್ಷದ ಸರ್ವಿಸ್‌ಗೆ ಅಪ್ಪನ ಕಾರ್ಖಾನೆಯವರು ಕೊಟ್ಟಿದ್ದು. ಹಿಂದಿನ ಮುಚ್ಚಳದ ಮೇಲೆ ಕಾರ್ಖಾನೆ ಹೆಸರು, ಅಪ್ಪನ ಹೆಸರು, ಕೆಲಸಗಾರರ ಗುರುತಿಗೆ ಕೊಡುವ ಟೋಕನ್ ನಂಬರ್ ಕೆತ್ತಿದ್ದಾರೆ. ಸವೆದು ಸವೆದು ಈಗ ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ.

ನೀವು ಅದನ್ನು ಓದಿದ್ದೀರಿ. ಸುಮ್ನೆ ಕಂಡಕ್ಟರ್ ಕೈಗೆ ಕೊಟ್ಟು ಹೋಗಬಹುದಿತ್ತು, ಅಲ್ವಾ? ಕಾರ್ಖಾನೆ ಗೇಟಿನವರೆಗೂ ಹೋಗಿ ಸೆಕ್ಯುರಿಟಿಯವರಿಗೆ ಕೊಟ್ಟು ಬಂದಿದ್ದೀರಿ. ಟೋಕನ್ ನಂಬರ್ ನೋಡಿ ಅವರು ಅಪ್ಪನಿಗೆ ಫೋನ್ ಮಾಡಿದರು.

ಎಚ್‌ಎಂಟಿ ವಾಚು ಮಾಡುವ ಕೆಲಸ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾಗಿದ್ದು. ಎಚ್‌ಎಂಟಿಯ ಆ ವಾಚ್ ಕಾರ್ಖಾನೆಗಳು ಮುಚ್ಚಿಹೋಗಿವೆ. ಹಳೇ ವಾಚು ಹುಡುಕಿದರೆ ಇನ್ನೊಂದು ಸಿಗಬಹುದು. ಅಪ್ಪನ ಟೋಕನ್ ನಂಬರ್ ಇರುವುದು ಎಲ್ಲಿ ಸಿಗುತ್ತದೆ?

ಒಂದು ವಿಷಯ ಹೇಳಲೇಬೇಕು. ಕಳೆದು ನಾಲ್ಕನೇ ದಿನ ನಾನೇ ಗೇಟಿಗೆ ಹೋದೆ. ಬಿಳಿ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿದರೆ ವಾಚು ಓಡುತ್ತಿತ್ತು! ಒಂದು ಸಲ ಕೀ ಕೊಟ್ಟರೆ ಎರಡು ದಿನಕ್ಕಿಂತ ಜಾಸ್ತಿ ಓಡುವ ವಾಚಲ್ಲ ಅದು. ಅಂದರೆ ನಿಮ್ಮ ಹತ್ತಿರ ಇದ್ದಷ್ಟು ದಿನ ನೀವು ಕೀ ಕೊಟ್ಟಿದ್ದೀರಿ.

ಇದನ್ನು ಕೇಳಿ ಅಪ್ಪ ಕಣ್ಣೊರೆಸಿಕೊಂಡರು. ನಿಮ್ಮ ಕರ್ಚೀಫನ್ನು ಅಮ್ಮ ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದಾರೆ. ಅದೇ ಗೇಟಿನಲ್ಲಿ ನಮ್ಮ ನಂಬರ್ ಕೊಟ್ಟಿದ್ದೇವೆ. ಒಮ್ಮೆ ಮನೆಗೆ ಊಟಕ್ಕೆ ಬನ್ನಿ.