ಕಣತಲೆಯ ಮೇಲಿಡಬೇಕಾದ ಮೆಷಿನ್ ಬೀಗದೊಳಗಿತ್ತು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ ಸರ್.

ಕಳೆದ ವರ್ಷ ನಮ್ಮಮ್ಮನ ಮೆದುಳಿನಲ್ಲಿ ರಕ್ತನಾಳದ ಉಬ್ಬೊಂದು ಒಡೆಯಿತು. ಆಪರೇಷನ್ ಮಾಡಿ ಕ್ಲಿಪ್ ಹಾಕಿದರು. ನಾಲ್ಕನೇ ದಿನ ಅಮ್ಮ ಗಂಜಿಗೆ ಉಪ್ಪು ಸಾಲದೆಂದು ನರ್ಸ್ ಹತ್ತಿರ ಜಗಳವಾಡಿದಳು. ಎಂಟನೇ ದಿನ ಬೆಳಗ್ಗೆ ಚಮಚ ಬಲಗೈಯಿಂದ ಜಾರಿತು. ನನ್ನ ಹೆಸರು ಅವಳ ಬಾಯಿಗೆ ಬರಲಿಲ್ಲ.

ಇಂಥ ರಕ್ತಸ್ರಾವದ ಮೂರು–ನಾಲ್ಕನೇ ದಿನದಿಂದ ಎರಡು ವಾರದವರೆಗೆ ಮೆದುಳಿನ ನಾಳಗಳು ಸೆಟೆದು ಕಿರಿದಾಗುವ ಭಯವಿರುತ್ತದೆ. ನಿಮೋಡಿಪಿನ್ ಮಾತ್ರೆಯನ್ನು 21 ದಿನ, ನಾಲ್ಕು ಗಂಟೆಗೊಮ್ಮೆ, ನಡುರಾತ್ರಿ ಎಬ್ಬಿಸಿಯಾದರೂ ಕೊಡುವುದು ಆ ಕಾರಣಕ್ಕೇ. ಇದೆಲ್ಲ ನನಗೆ ಗೊತ್ತಾಗಿದ್ದು ಐಸಿಯು ಬಾಗಿಲಲ್ಲಿ ಕೂತು ಕೂತು.

“ಡಾಪ್ಲರ್ ಮಾಡಿದ್ರೆ ಗೊತ್ತಾಗುತ್ತೆ. ಮೆಷಿನ್ ಕೆಳಗಿದೆ, ಮೇಲೆ ತರೋ ಹಾಗಿಲ್ಲ. ನಾಳೆ ಪಿಸಿಪಿಎನ್‌ಡಿಟಿ ಕೇಸಾದ್ರೆ ಯಾರು ಉತ್ತರ ಕೊಡ್ತಾರೆ?” ಅಂದರು ಡ್ಯೂಟಿ ಡಾಕ್ಟರು. ಡಾಪ್ಲರ್ ಅಂದರೆ ನಾಳದಲ್ಲಿ ರಕ್ತ ಹರಿಯುವ ವೇಗ ಅಳೆಯುವ ಅಲ್ಟ್ರಾಸೌಂಡ್ ಪರೀಕ್ಷೆ. ಅಲ್ಟ್ರಾಸೌಂಡಿನಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದನ್ನು ತಡೆದು ಹೊಟ್ಟೆಯೊಳಗಿನ ಹೆಣ್ಣುಕೂಸನ್ನು ಉಳಿಸಲೆಂದು 1994ರಲ್ಲಿ ತಂದ ಈ ಪಿಸಿಪಿಎನ್‌ಡಿಟಿ ಕಾಯ್ದೆಯ ಹೆಸರು ಹೇಳಿ 58 ವರ್ಷದ ಹೆಂಗಸಿನ ತಲೆ ನೋಡಲಿಲ್ಲ!

ಆಮೇಲೆ ಇನ್ನೊಂದು ಆಸ್ಪತ್ರೆಯಲ್ಲಿ ಆ ಪರೀಕ್ಷೆಯನ್ನು ಕಣ್ಣಾರೆ ಕಂಡೆ. ಕಿವಿಯ ಮುಂದೆ, ಕಣತಲೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಪ್ರೋಬ್ ಒತ್ತಿ ಹಿಡಿದರು. ಅಲ್ಲಿ ಮೂಳೆ ತೆಳು. ನಾಡಿಬಡಿತಕ್ಕೆ ಸರಿಯಾಗಿ ಸುಯ್ ಸುಯ್ ಎಂಬ ಸದ್ದು ಕೇಳಿತು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದಲ್ಲ, ಕಿರಿದಾದ ನಾಳದಲ್ಲಿ ರಕ್ತವೂ ಹಾಗೆಯೇ. ಸರಾಸರಿ ವೇಗ ಸೆಕೆಂಡಿಗೆ 120 ಸೆಂಟಿಮೀಟರ್ ದಾಟಿದರೆ ಅನುಮಾನ, 200 ದಾಟಿದರೆ ತೀವ್ರ. ಕತ್ತಿನ ನಾಳದ ವೇಗಕ್ಕೂ ಹೋಲಿಸಬೇಕು. ಮೂರು ಪಟ್ಟಿಗಿಂತ ಹೆಚ್ಚಿದ್ದರೆ ನಾಳ ಸೆಟೆದಿರುವುದೇ ಕಾರಣ ಎನ್ನಬಹುದಂತೆ. ಸಂಶೋಧಕ ರೂನೆ ಆಸ್ಲಿಡ್ ಮತ್ತು ಸಂಗಡಿಗರು 1982ರಲ್ಲೇ ತೋರಿಸಿಕೊಟ್ಟ ವಿಧಾನ ಇದು, ಹೊಸ ವಿದ್ಯೆಯೇನಲ್ಲ. ರೋಗಿಯನ್ನು ಹಾಸಿಗೆಯಿಂದ ಕದಲಿಸಬೇಕಿಲ್ಲ, ವಿಕಿರಣವಿಲ್ಲ, ದಿನಾ ಮಾಡಬಹುದು.

ಕೆಲವರ ಮೂಳೆ ದಪ್ಪವಿದ್ದು ಏನೂ ಕೇಳಿಸುವುದಿಲ್ಲ, ಪಳಗದ ಕೈ ತಪ್ಪು ಲೆಕ್ಕ ಕೊಡುತ್ತದೆ, ನಿಜ. ಅಂಥಲ್ಲಿ ರಕ್ತನಾಳಗಳ ಚಿತ್ರ ತೆಗೆಯುವ ಸಿಟಿ ಆಂಜಿಯೋಗ್ರಾಂ ಬೇಕೇ ಬೇಕು. ಆದರೆ ದಿನಾ ಸಿಟಿ ಕೋಣೆಗೆ ಸ್ಟ್ರೆಚರ್ ತಳ್ಳಲಾಗುತ್ತದೆಯೇ?

ಕಾಯ್ದೆ ಸಡಿಲಿಸಿ ಎಂದು ನಾನು ಖಂಡಿತ ಕೇಳುತ್ತಿಲ್ಲ. ನೋಂದಾಯಿತ ಪೋರ್ಟಬಲ್ ಮೆಷಿನ್ನನ್ನು ಅದೇ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ ಬಳಸಬಹುದು ಎಂದು ಅದರ ನಿಯಮಗಳೇ ಹೇಳುತ್ತವೆ. ವಾರ್ಡಿನಲ್ಲಿರುವುದು ಕಾನೂನಲ್ಲ, ಕಾನೂನಿನ ಹೆದರಿಕೆ.

ಹಾಗಾಗಿ ಈ ನಿಯಮವನ್ನು ನೇರ ಕನ್ನಡದಲ್ಲಿ ಬರೆದು ಎಲ್ಲ ಜಿಲ್ಲಾಸ್ಪತ್ರೆಗಳಿಗೂ ಒಂದು ಸುತ್ತೋಲೆ ಕಳಿಸಿ. ಮೆದುಳಿನ ಆಪರೇಷನ್ ನಡೆಯುವ ಪ್ರತಿ ಸರ್ಕಾರಿ ಆಸ್ಪತ್ರೆಯಿಂದ ಇಬ್ಬರನ್ನಾದರೂ ನಿಮ್ಹಾನ್ಸ್‌ನಂಥ ಕಡೆ ತರಬೇತಿಗೆ ಕಳಿಸಿ. ಎಲ್ಲ ಕಡೆಯೂ ಹೊಸ ಮೆಷಿನ್ ಕೊಳ್ಳಬೇಕಿಲ್ಲ. ತಕ್ಕ ಸೆಟ್ಟಿಂಗ್ ಇದ್ದರೆ ಹೃದಯದ ಎಕೋ ಮಾಡುವ ಪ್ರೋಬಿನಲ್ಲೇ ಇದೂ ಆಗುತ್ತದೆ.

ಅಮ್ಮ ಈಗ ಮಾತಾಡುತ್ತಾಳೆ. ಉಣ್ಣುವುದು ಎಡಗೈಯಲ್ಲಿ. ಯಾರಾದರೂ ಮನೆಗೆ ಬಂದರೆ ಉಣ್ಣುವುದೇ ಇಲ್ಲ.

ಇಂತಿ,
ಐಸಿಯು ಬಾಗಿಲಲ್ಲಿ 19 ದಿನ ಕೂತಿದ್ದ ಒಬ್ಬ ಮಗ